ಕೆಂಪು ದಾರ ಕಟ್ಟಿದ ಬಾಳೆ

ನೌಕರಿಗೆ ಸೇರಿದ ಮೊದಲ ವಾರದಲ್ಲೇ ಇಲಿ ಹಿಕ್ಕೆಗೆ ಔಷಧಿ ಬರೆದುಕೊಟ್ಟವನು ನಾನು. ಆಲೂರಿನ ಕಡೆಯ ಒಬ್ಬ ಬೆಳೆಗಾರರು ಬಾಳೆಯ ಬುಡದಿಂದ ಕಪ್ಪು ಕಾಳಿನಂಥದ್ದನ್ನು ಕಾಗದದಲ್ಲಿ ಕಟ್ಟಿಕೊಂಡು ಬಂದು ಮೇಜಿನ ಮೇಲೆ ಸುರಿದರು. ನಾನು ಭೂತಗನ್ನಡಿ ಹಿಡಿದು, ಹುಬ್ಬು ಗಂಟಿಕ್ಕಿ, ‘ಇದು ಮೂತಿ ಹುಳದ ಮೊಟ್ಟೆ’ ಎಂದು ತೀರ್ಪು ಕೊಟ್ಟೆ. ಔಷಧಿಯನ್ನೂ ಕೊಟ್ಟು ಕಳಿಸಿದೆ. ಹತ್ತು ದಿನ ಬಿಟ್ಟು ಅವರು ಮತ್ತೆ ಬಂದರು.

“ಸಾರ್, ನಿಮ್ಮ ಔಷ್ದಿ ಬೋ ಪಸಂದಾಗೈತೆ. ಬುಡದಲ್ಲಿ ಎರಡು ಇಲಿ ಸತ್ತು ಬಿದ್ದಿದ್ವು. ಹುಳ ಮಾತ್ರ ಹಂಗೇ ಅವೆ.”

ಈಗ ಇಂಥ ಕೆಲಸಕ್ಕೆ ಹೊಸದಾಗಿ ಬರುತ್ತಿರುವವರು ನನ್ನಂಥ ಹಳಬರ ಹತ್ತಿರ ಅನುಭವ ಕೇಳುತ್ತಾರೆ. ನಿಜ ಹೇಳಿದರೆ ನನ್ನ ಅನುಭವದಲ್ಲಿ ಅರ್ಧ ಇಂಥದ್ದೇ. ಬಡ್ತಿ ಯಾವಾಗ ಬಂತು, ಸನ್ಮಾನಕ್ಕೆ ಯಾವ ಶಾಲು ಹೊದಿಸಿದರು ಎನ್ನುವುದೆಲ್ಲ ನನ್ನ ಹೆಂಡತಿಗೇ ನೆನಪಿಲ್ಲ. ಸಕಲೇಶಪುರದ ಒಂದು ಬೆಳೆಗಾರರ ಸೊಸೈಟಿಯಲ್ಲಿ ಕ್ಷೇತ್ರ ಸಹಾಯಕನಾಗಿದ್ದೆ. ತೋಟ ಸುತ್ತುವುದು, ಹುಳ ನೋಡುವುದು, ನಮ್ಮದೇ ಸ್ಟೋರಿನಲ್ಲಿರುವ ಔಷಧಿ ಬರೆಯುವುದು ನನ್ನ ಕೆಲಸ. ಸ್ಟೋರಿನಲ್ಲಿ ಯಾವ ಔಷಧಿ ಹೆಚ್ಚು ಉಳಿದಿದೆಯೋ ಆ ತಿಂಗಳು ಅದಕ್ಕೆ ಸಾಯುವ ಹುಳವೇ ತೋಟಗಳಲ್ಲಿ ಹೆಚ್ಚಾಗಿರುತ್ತಿತ್ತು. ಇದು ಹೇಗೆ ಎಂದು ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ.

ಔಷಧಿ ಎನ್ನುವ ಮಾತನ್ನೇ ನೋಡಿ. ಡಬ್ಬಿಯ ಮೇಲೆ ಕೆಂಪು ತ್ರಿಕೋನ, ತಲೆಬುರುಡೆ, ಎರಡು ಮೂಳೆ. ಒಳಗಿರುವುದು ವಿಷ. ಆದರೆ ನಾವೆಲ್ಲ ಅದನ್ನು ಔಷಧಿ ಎಂದೇ ಕರೆದೆವು. ಜ್ವರದ ಮಾತ್ರೆಗೂ ಅದೇ ಹೆಸರು, ಇದಕ್ಕೂ ಅದೇ. ಹೀಗಾಗಿ ಜನ ಇದನ್ನೂ ಜ್ವರದ ಮಾತ್ರೆಯ ಜೊತೆ ಒಂದೇ ಗೂಡಿನಲ್ಲಿ ಇಟ್ಟರು. ಅಳತೆ ಡಬ್ಬಿಯ ಮುಚ್ಚಳ. ಗುಣ ಗೊತ್ತಾಗುವುದು ಘಾಟಿನಿಂದ. ಹಾನುಬಾಳಿನ ಒಬ್ಬರು ಮೂರು ಔಷಧಿಯನ್ನು ಒಂದೇ ಡ್ರಮ್ಮಿಗೆ ಸುರಿದು ಬಿದಿರುಕೋಲಿನಲ್ಲಿ ಕಲಸುತ್ತಿದ್ದರು. ಯಾಕೆ ಎಂದು ಕೇಳಿದ್ದಕ್ಕೆ, “ಒಂದ್ರಲ್ಲಿ ಸಾಯ್ದಿದ್ದು ಇನ್ನೊಂದ್ರಲ್ಲಿ ಸಾಯ್ತೈತೆ ಕಣ್ರೀ” ಎಂದರು. ಬರಿಮೈಯಲ್ಲಿದ್ದರು. ಗಾಳಿ ಅವರ ಕಡೆಗೇ ಬೀಸುತ್ತಿತ್ತು.

ನನ್ನ ಮೇಲಿನವರು ತಾಂತ್ರಿಕ ಅಧಿಕಾರಿ ಬಸವರಾಜಯ್ಯನವರು. ಮನೆ ಆಲೂರಿನ ಹತ್ತಿರ, ದೊಡ್ಡ ಹೊಟ್ಟೆ, ಅದಕ್ಕಿಂತ ದೊಡ್ಡ ದನಿ. ತೋಟಕ್ಕೆ ಇಳಿಯದೆ ಜೀಪಿನಲ್ಲೇ ಕೂತು ರೋಗ ಹೇಳುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಒಮ್ಮೆ ಎಡಕುಮೇರಿಯ ರೈಲ್ವೆ ನೌಕರರೊಬ್ಬರು ಕ್ವಾರ್ಟರ್ಸಿನ ಹಿಂದೆ ನೆಟ್ಟ ಬಾಳೆ ಬುಡಸಮೇತ ಮುರಿದು ಬೀಳುತ್ತಿದೆ ಎಂದು ಕಾಗದ ಬರೆದರು. ಸಾಹೇಬರು ಓದಿದ ಕೂಡಲೇ ‘ಗೆಡ್ಡೆ ಹುಳ’ ಎಂದು ಷರಾ ಬರೆದು, ಔಷಧಿ ಕೊಟ್ಟು ನನ್ನನ್ನು ಕಳಿಸಿದರು. ಆ ಸ್ಟೇಷನ್ನಿಗೆ ರಸ್ತೆಯಿಲ್ಲ, ರೈಲಿನಲ್ಲೇ ಹೋಗಬೇಕು. ಇಳಿದು ಹಿತ್ತಿಲಿಗೆ ಹೋದರೆ ಬಾಳೆಯ ನಡುವೆ ಆನೆ ಲದ್ದಿ, ಇನ್ನೂ ಬೆಚ್ಚಗಿತ್ತು. ನಾನು ಔಷಧಿಯನ್ನು ಹಾಗೇ ವಾಪಸ್ ತಂದೆ. ‘ಕೀಟ ಗಾತ್ರದಲ್ಲಿ ದೊಡ್ಡದಿದ್ದುದರಿಂದ ಔಷಧಿ ಬಳಸಿಲ್ಲ’ ಎಂದು ವರದಿ ಬರೆದೆ. ಸಾಹೇಬರು ಓದದೆ ಸಹಿ ಹಾಕಿದರು.

ಇದೆಲ್ಲ ನಗುವ ಮಾತಾಯಿತು. ನಗಲಾಗದ ಒಂದಿದೆ. ಬರೆಯಲು ಕೂತದ್ದೇ ಅದಕ್ಕಾಗಿ.

ಹಾನುಬಾಳಿನ ಆಚೆ ದ್ಯಾವಮ್ಮ ಎಂಬುವರ ತೋಟ. ಗಂಡ ತೀರಿಕೊಂಡು ಕೆಲವು ವರ್ಷವಾಗಿತ್ತು. ಕಾಫಿಯ ನಡುವೆ ಏಲಕ್ಕಿ ಬಾಳೆ, ಕೆಳಗಿನ ಗದ್ದೆಯಲ್ಲಿ ನೇಂದ್ರ ಬಾಳೆ. ಎಲ್ಲವನ್ನೂ ಅವರೇ ನಿಂತು ನೋಡಿಕೊಳ್ಳುತ್ತಿದ್ದರು. ಮಾತು ಒರಟು, ಕೈ ಧಾರಾಳ. ನಾನು ಅವರನ್ನು ದ್ಯಾವಕ್ಕ ಎನ್ನುತ್ತಿದ್ದೆ. ಆ ವರ್ಷ ಅವರ ನೇಂದ್ರಕ್ಕೆ ಮೂತಿ ಹುಳ ಬಿತ್ತು. ಕಪ್ಪಗೆ, ಉದ್ದ ಮೂತಿಯ ಸಣ್ಣ ಹುಳ. ಅದು ದಿಂಡಿನೊಳಗೆ ಮೊಟ್ಟೆಯಿಡುತ್ತದೆ, ಮರಿ ಒಳಗೇ ಕೊರೆಯುತ್ತ ಹೋಗುತ್ತದೆ. ಹೊರಗೆ ಕಾಣುವುದು ಅಂಟಿನಂಥ ರಸದ ಒಂದೆರಡು ಹನಿ, ಅಷ್ಟೇ. ಗೊನೆ ತೂಗುವ ಹೊತ್ತಿಗೆ ಗಿಡ ನಡುವಿಗೇ ಮುರಿದು ಬೀಳುತ್ತದೆ.

ಬಸವರಾಜಯ್ಯನವರು ಆ ಸಲ ಹೊಸ ವಿಧಾನ ತಂದಿದ್ದರು. ಹುಳ ಇರುವುದು ದಿಂಡಿನೊಳಗೆ, ಹೊರಗೆ ಸಿಂಪಡಿಸಿ ಏನು ಪ್ರಯೋಜನ? ದಿಂಡಿಗೇ ಸೂಜಿ ಚುಚ್ಚಿ ಔಷಧಿ ಹಾಕಿ ಎಂದು ಸುತ್ತೋಲೆ ಹೊರಡಿಸಿದರು. ಸೂಜಿ ಎಂದರೆ ದನಕ್ಕೆ ಚುಚ್ಚುವ ಸೂಜಿ. ನಾನು ಅದನ್ನು ಹಿಡಿದು ತೋಟಕ್ಕೆ ಇಳಿದಾಗ ಆಳುಗಳೆಲ್ಲ ಕೆಲಸ ಬಿಟ್ಟು ನೋಡಿದರು.

“ಬಾಳೆಗೂ ಬಂತೇನ್ರಪ್ಪ ಇಂಜೆಕ್ಷನ್ನು! ನಾಳಿಕೆ ಗ್ಲೂಕೋಸು ಏರಿಸ್ತೀರೇನೋ” ಎಂದು ದ್ಯಾವಕ್ಕ ನಕ್ಕು, ನಾನು ಚುಚ್ಚುವುದಕ್ಕೆ ಮೊದಲೇ ಮೇಲಿನ ತೋಟಕ್ಕೆ ಹೋದರು.

ಗೊನೆ ಹಾಕುವ ಹಂತದಲ್ಲಿದ್ದ ಒಂದು ಸಾಲಿಗೆ ಚುಚ್ಚಿದೆ. ಚುಚ್ಚಿದ್ದು ಯಾವುದು, ಬಿಟ್ಟದ್ದು ಯಾವುದು ಎಂದು ನನಗೆ ಗುರುತಿಗಿರಲಿ ಅಂತ ಪ್ರತಿ ಗಿಡಕ್ಕೂ ಒಂದೊಂದು ಕೆಂಪು ದಾರ ಕಟ್ಟಿದೆ. ಆಮೇಲೆ ಮಾಡಬೇಕಿದ್ದದ್ದು ಒಂದೇ ಕೆಲಸ. ಈ ಗಿಡಗಳ ಎಲೆ ಕೊಯ್ಯಬೇಡಿ, ದಿಂಡು, ಹೂವು ತಿನ್ನಬೇಡಿ, ದನಕ್ಕೆ ಹಾಕಬೇಡಿ ಎಂದು ಮನೆಯವರಿಗೆ ಹೇಳುವುದು. ದ್ಯಾವಕ್ಕ ಇನ್ನೂ ಮೇಲಿನ ತೋಟದಲ್ಲೇ ಇದ್ದರು. ಮೋಡ ಕವಿದಿತ್ತು. ಬಸ್ಸಿನ ಹಾರ್ನ್ ಕೇಳಿಸಿತು. ನಾನು ಓಡಿ ಬಸ್ ಹತ್ತಿದೆ. ಸೀಟಿನಲ್ಲಿ ಕೂತು, ತೊಡೆಯ ಮೇಲೆ ರಿಜಿಸ್ಟರ್ ಇಟ್ಟುಕೊಂಡು, ಎಂದಿನಂತೆ ಬರೆದೆ: ‘ಬೆಳೆಗಾರರಿಗೆ ಸೂಕ್ತ ತಿಳಿವಳಿಕೆ ನೀಡಲಾಗಿದೆ.’ ಆ ವಾಕ್ಯವನ್ನು ನಾನು ಎಷ್ಟು ಸಲ ಬರೆದಿದ್ದೆನೆಂದರೆ ಕೈ ತಾನೇ ಬರೆಯುತ್ತಿತ್ತು.

ವಾರ ಕಳೆದು ಸಾಹೇಬರು ಅದೇ ತೋಟದಲ್ಲಿ ಪ್ರಾತ್ಯಕ್ಷಿಕೆ ಇಟ್ಟರು. ಸುತ್ತಲಿನ ಬೆಳೆಗಾರರಿಗೆಲ್ಲ ಆಹ್ವಾನ. ಅಂಗಳದಲ್ಲಿ ಶಾಮಿಯಾನ, ಮೈಕು, ಬ್ಯಾನರು. ಊಟ ದ್ಯಾವಕ್ಕನ ಮನೆಯದೇ. ಕಡುಬು, ಕಾಯಿ ಚಟ್ನಿ, ಪಾಯಸ ಎಂದು ಅವರು ನಸುಕಿನಿಂದಲೇ ಒಲೆ ಮುಂದೆ ಇದ್ದರಂತೆ. ನಾನು ಕುರ್ಚಿ ತರಲು ಹಾನುಬಾಳಿಗೆ ಹೋಗಿದ್ದೆ. ಬರುವಷ್ಟರಲ್ಲಿ ಸಾಹೇಬರು ಬಂದು ಅಡುಗೆಮನೆಯ ಬಾಗಿಲಲ್ಲಿ ಒಂದು ಸುತ್ತು ಹಾಕಿ, ಬಾಯಿ ಒರೆಸಿಕೊಳ್ಳುತ್ತ ವೇದಿಕೆಗೆ ಬಂದು ಕೂತಿದ್ದರು. ಅವರು ಯಾವ ಪ್ರಾತ್ಯಕ್ಷಿಕೆಗೆ ಹೋದರೂ ಮೊದಲು ಪರೀಕ್ಷಿಸುತ್ತಿದ್ದದ್ದು ಅಡುಗೆಯನ್ನು.

ಭಾಷಣ ಶುರುವಾಯಿತು. “ಬಂಧುಗಳೇ, ಹುಳ ಎಲ್ಲಿದೆ? ಒಳಗಿದೆ. ಹಾಗಾದರೆ ಔಷಧಿ ಎಲ್ಲಿರಬೇಕು? ಒಳಗಿರಬೇಕು” ಎಂದು ಅವರು ಮೇಜು ಕುಟ್ಟಿದರು. ಸ್ವಲ್ಪ ಹೊತ್ತಿಗೆ ಮುಖದ ಮೇಲೆ ಬೆವರು ಹರಿಯತೊಡಗಿತು. ಕರ್ಚೀಫಿನಲ್ಲಿ ಬಾಯಿ ಒರೆಸಿಕೊಂಡರು, ಮತ್ತೆ ಒರೆಸಿಕೊಂಡರು. ಬಿಸಿಲಿಗೆ ಇರಬೇಕು ಎಂದುಕೊಂಡೆ. ಅಷ್ಟರಲ್ಲಿ ಕೊಟ್ಟಿಗೆಯ ಕಡೆಯಿಂದ ಒಬ್ಬ ಆಳು ಕೂಗಿದ.

“ಅಮ್ಮೋ, ಹಸ ಬಿದ್ದೋಗೈತೆ! ಬಾಯಲ್ಲಿ ನೊರೆ!”

ನಾನು ಓಡಿದೆ. ಕೆಂದ ಹಸು ಕಾಲು ಬಡಿಯುತ್ತ ಮಲಗಿತ್ತು. ಬಾಯಿಂದ ಜೊಲ್ಲು ಸುರಿಯುತ್ತಿತ್ತು. ಪಕ್ಕದ ಗೋದಲಿಯಲ್ಲಿ ಅರ್ಧ ಮೇದ ಬಾಳೆಪಟ್ಟೆ. ಪಟ್ಟೆಗೆ ಕೆಂಪು ದಾರ ಸುತ್ತಿಕೊಂಡಿತ್ತು.

ಪಟ್ಟೆ ಇಲ್ಲಿದೆ ಎಂದರೆ ಒಳಗಿನ ದಿಂಡು ಎಲ್ಲಿ? ಅಡುಗೆಮನೆಗೆ ನುಗ್ಗಿದೆ. ದ್ಯಾವಕ್ಕ ದೊಡ್ಡ ಪಾತ್ರೆಗೆ ಕಾಯಿತುರಿ ಉದುರಿಸುತ್ತಿದ್ದರು.

“ಅಕ್ಕ, ಇದ್ಯಾವ ಪಲ್ಯ?”

“ದಿಂಡಿಂದು. ಯಾಕೆ?”

“ಎಲ್ಲಿಯ ದಿಂಡು?”

“ಇನ್ನೆಲ್ಲಿಂದ ತರ್ಲಿ, ನಮ್ ಗದ್ದೇದೇ. ಮೊನ್ನೆ ಗಾಳೀಗೆ ಎರಡು ಗಿಡ ಬಿದ್ವು. ಅವಕ್ಕೆ ನೀವೇ ಕೆಂಪು ದಾರ ಕಟ್ಟಿ ಇಟ್ಟಿದ್ರಲ್ಲ. ಸಾಹೇಬ್ರು ಬರೋ ದಿನಕ್ಕೆ ಅಂತ ಒಳ್ಳೆ ಗಿಡ ಗುರುತು ಮಾಡವ್ರೆ ಅನ್ಕಂಡೆ.”

“ನೀವು ತಿಂದ್ರಾ? ಯಾರಾದ್ರೂ ತಿಂದ್ರಾ?”

“ದೇವರಿಗೆ ಎಡೆ ಇಡ್ದೆ ನಾನೆಲ್ಲಿ ಬಾಯಿಗ್ ಹಾಕ್ಲಿ? ಸಾಹೇಬ್ರು ಮಾತ್ರ ಒಂದ್ ಬಟ್ಲು ಇಸ್ಕಂಡು ತಿಂದ್ರು. ಇನ್ನೊಂದಿಷ್ಟು ಕೇಳಿದ್ರು.”

ಪಾತ್ರೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿತ್ತಿಲಿಗೆ ಚೆಲ್ಲಿದೆ. ಸಾಲಾಗಿ ಹಾಸಿದ್ದ ಎಲೆಗಳನ್ನೆಲ್ಲ ಬಾಚಿ ಎಳೆದು ಹಾಕಿದೆ. ನನ್ನನ್ನು ನೋಡಿ, ಲೋಕೇಶನಿಗೆ ಹುಚ್ಚು ಹಿಡಿಯಿತು ಎಂದು ಯಾರೋ ಅಂದರು. ಅಂಗಳಕ್ಕೆ ಬಂದರೆ ಸಾಹೇಬರು ಮೈಕು ಹಿಡಿದುಕೊಂಡೇ ವಾಂತಿ ಮಾಡುತ್ತಿದ್ದರು.

ಹೊಸಬರು ಇದೊಂದನ್ನು ನೆನಪಿಡಿ. ಆ ಗಡಿಬಿಡಿಯಲ್ಲಿ ನಾನು ಮಾಡಿದ ಒಂದೇ ಒಂದು ಬುದ್ಧಿವಂತಿಕೆಯ ಕೆಲಸವೆಂದರೆ, ನನ್ನ ಚೀಲದಲ್ಲಿದ್ದ ಔಷಧಿ ಡಬ್ಬಿಯನ್ನು ಜೀಪಿಗೆ ಹಾಕಿಕೊಂಡದ್ದು. ಸಕಲೇಶಪುರದ ಆಸ್ಪತ್ರೆಯಲ್ಲಿ ಡಾಕ್ಟರು ಕೇಳಿದರು.

“ಏನು ತಿಂದ್ರು?”

“ಬಾಳೆದಿಂಡು ಸಾರ್.”

“ಬಾಳೆದಿಂಡು ತಿಂದ್ರೆ ಹಿಂಗಾಗುತ್ತೇನ್ರಿ?”

ನಾನು ಡಬ್ಬಿ ಮುಂದೆ ಹಿಡಿದೆ. ಅವರು ಹೆಸರು ಓದಿ, ಟಾರ್ಚು ಬಿಟ್ಟು ಸಾಹೇಬರ ಕಣ್ಣು ನೋಡಿ, ಮತ್ತೆ ನನ್ನನ್ನು ಒಂದು ಮಾತೂ ಕೇಳದೆ ಒಳಗೆ ಓಡಿದರು. ಒಂದಾದ ಮೇಲೆ ಒಂದು ಇಂಜೆಕ್ಷನ್. ಸಂಜೆಯ ಹೊತ್ತಿಗೆ ಜೊಲ್ಲು ನಿಂತಿತು, ಉಸಿರು ಹತೋಟಿಗೆ ಬಂತು. ಆದರೆ ಆ ಇಂಜೆಕ್ಷನ್ನಿನ ಮದಕ್ಕೆ ಸಾಹೇಬರಿಗೆ ಬುದ್ಧಿ ಸ್ವಲ್ಪ ಆಚೀಚೆಯಾಯಿತು. ಗಾಳಿಯಲ್ಲಿ ಏನನ್ನೋ ಹೆಕ್ಕುತ್ತ, “ಬಂಧುಗಳೇ” ಎಂದು ನಿಲ್ಲಿಸಿದ್ದ ಭಾಷಣವನ್ನು ನರ್ಸಿನ ಮುಂದೆ ಪೂರ್ತಿ ಮಾಡಿದರು. ಆಕೆ ಕೊನೆಯಲ್ಲಿ ಚಪ್ಪಾಳೆ ತಟ್ಟಿ ಮಲಗಿಸಿದಳು. ನನಗೆ ನಗು ಬಂತು, ಹಿಂದೆಯೇ ಅಳುವೂ ಬಂತು. ಹೊರಗಿನ ಬೆಂಚಿನ ಮೇಲೆ ಕೂತು ಎರಡನ್ನೂ ಮುಗಿಸಿದೆ.

ಸಾಹೇಬರು ಬದುಕಿದರು. ಹಸು ಸತ್ತಿತು. ಪಶುವೈದ್ಯರು ಬೇರೆ ಊರಿಗೆ ಹೋಗಿದ್ದರು, ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ಮಾರನೆಯ ದಿನ ನಾನು ಹೋದಾಗ ದ್ಯಾವಕ್ಕ ಗುಂಡಿಗೆ ಕೊನೆಯ ಮಣ್ಣು ಎಳೆಸುತ್ತಿದ್ದರು. ನನ್ನ ಮುಖ ನೋಡದೆ ಹೇಳಿದರು.

“ನಿಮ್ ಸಾಹೇಬ್ರಿಗೆ ಆಸ್ಪತ್ರೆ. ನನ್ ಹಸೀಗೆ ಗುಂಡಿ. ಹೋಗಿ ನೀವು.”

ಆಸ್ಪತ್ರೆಯಿಂದ ಬಂದ ಬಸವರಾಜಯ್ಯನವರು ಮೊದಲು ಕೇಳಿದ್ದು ನನ್ನ ರಿಜಿಸ್ಟರನ್ನು. ಆ ದಿನದ ಪುಟ ತೆಗೆದು, ಕನ್ನಡಕ ಏರಿಸಿ ಓದಿ, ಮುಖ ಅರಳಿಸಿದರು.

“ತಿಳಿವಳಿಕೆ ನೀಡಲಾಗಿದೆ. ಭೇಷ್ ಕಣ್ರೀ ಲೋಕೇಶ್! ನಾವು ಹೇಳಿದೀವಿ, ಆ ಯಮ್ಮ ಕೇಳಿಲ್ಲ. ಸೊಸೈಟಿ ಬಚಾವಾಯ್ತು.”

ನಾನು ಬಾಯಿ ಬಿಡಲಿಲ್ಲ. ಕೆಲಸ ಹೋದರೆ ಮನೆಯಲ್ಲಿ ಏನು ಹೇಳುವುದು ಎಂದು ಲೆಕ್ಕ ಹಾಕುತ್ತಿದ್ದೆನೇ ಹೊರತು, ದ್ಯಾವಕ್ಕ ಏನು ಮಾಡುತ್ತಿರಬಹುದು ಎಂದು ಯೋಚಿಸಲಿಲ್ಲ. ಇದನ್ನು ಬರೆಯಲು ಇಷ್ಟವಿಲ್ಲ, ಆದರೂ ಬರೆಯುತ್ತಿದ್ದೇನೆ. ‘ತಮ್ಮ ಅಜಾಗರೂಕತೆಯಿಂದ ಈ ಘಟನೆ ನಡೆದಿರುತ್ತದೆ’ ಎಂದು ಅವರಿಗೆ ಕಾಗದ ಹೋಯಿತು. ಟೈಪು ಮಾಡಿಸಿ ಲಕೋಟೆಗೆ ಹಾಕಿದವನು ನಾನೇ.

ಸಂತೆಯ ದಿನ ದ್ಯಾವಕ್ಕ ಆ ಕಾಗದ ಹಿಡಿದು ಆಫೀಸಿಗೆ ಬಂದರು. ಸಾಹೇಬರ ಕೋಣೆಯಲ್ಲಿ ಕಮಿಟಿಯ ನಾಲ್ಕೈದು ಜನ ಕೂತಿದ್ದರು. ದ್ಯಾವಕ್ಕ ಅವರ ಕಡೆ ನೋಡಲೇ ಇಲ್ಲ, ನೇರ ನನ್ನ ಮುಂದೆ ಬಂದು ನಿಂತರು.

“ಲೋಕೇಶಪ್ಪ, ನಂಗೆ ಓದಕ್ ಬರಲ್ಲ. ಮೈದ್ನನ ಮಗ ಓದಿ ಹೇಳ್ದ. ನೀನು ನಂಗೆ ಹೇಳಿದ್ದೆ, ನಾನು ಕೇಳ್ಲಿಲ್ಲ ಅಂತ ಇದ್ರಲ್ಲಿ ಐತಂತೆ. ಯಾವಾಗ ಹೇಳ್ದೆ ಮಾರಾಯ? ತ್ವಾಟದಲ್ಲಿ ಹೇಳ್ದಾ, ಮನೇಲಿ ಹೇಳ್ದಾ? ನಂಗೆ ವಯಸ್ಸಾಯ್ತು, ಮರ್ತಿದ್ರೂ ಮರ್ತಿರ್ತೀನಿ. ನೀನೇ ನೆನಪು ಮಾಡ್ಕೊಡು.”

ಅವರ ದನಿಯಲ್ಲಿ ಕೊಂಕು ಇರಲಿಲ್ಲ. ನಿಜವಾಗಿಯೂ ಕೇಳುತ್ತಿದ್ದರು. ತಾನೇ ಮರೆತು ಹಸುವನ್ನು ಕೊಂದೆನೇನೋ ಎಂಬ ಅನುಮಾನ ಅವರ ಮುಖದಲ್ಲಿತ್ತು. ಅದನ್ನು ನೋಡಿ ನನ್ನಿಂದ ತಡೆಯಲಾಗಲಿಲ್ಲ.

“ಹೇಳಿಲ್ಲ ಅಕ್ಕ,” ಎಂದೆ. “ಬಸ್ ಬಂತು ಅಂತ ಓಡೋದೆ. ಬಸ್ಸಲ್ಲಿ ಕೂತು ಹೇಳಿದೀನಿ ಅಂತ ಬರ್ಕಂಡೆ.”

ಸಾಹೇಬರ ಕೋಣೆಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ದ್ಯಾವಕ್ಕ ಕಾಗದವನ್ನು ನಾಲ್ಕಾಗಿ ಮಡಚಿ ನನ್ನ ಮೇಜಿನ ಮೇಲಿಟ್ಟರು.

“ಸದ್ಯ. ನಂಗೆ ಮರೆವು ಬಂದಿಲ್ವಲ್ಲ” ಎಂದು ಹೇಳಿ ಹೋಗಿಬಿಟ್ಟರು.

ಮರುದಿನವೇ ನನಗೆ ಯಸಳೂರಿಗೆ ವರ್ಗ. ಆ ತಿಂಗಳಲ್ಲೇ ಸಾಹೇಬರು ಸೂಜಿಯ ಸುತ್ತೋಲೆಯನ್ನು ‘ಆಡಳಿತಾತ್ಮಕ ಕಾರಣಗಳಿಂದ’ ಹಿಂದಕ್ಕೆ ತೆಗೆದುಕೊಂಡರು. ಕಮಿಟಿ ದ್ಯಾವಕ್ಕನಿಗೆ ಏನೂ ಕೊಡಲಿಲ್ಲ. ಸಾಹೇಬರು ಮಾತ್ರ ಆಲೂರಿನ ತಮ್ಮ ಮನೆಯಿಂದ ಒಂದು ಗಬ್ಬದ ಹಸುವನ್ನು ಟೆಂಪೋದಲ್ಲಿ ಹೇರಿಸಿ ಕಳಿಸಿದರು. ಪರಿಹಾರವೂ ಅಲ್ಲ, ದಾನವೂ ಅಲ್ಲ, ಸುಮ್ಮನೆ ಕಟ್ಟಿಕೊಳ್ಳಿ ಎಂದು ಹೇಳಿ ಕಳಿಸಿದ್ದರಂತೆ. ದ್ಯಾವಕ್ಕ ಅದಕ್ಕೆ ಸಾಹೇಬಮ್ಮ ಎಂದು ಹೆಸರಿಟ್ಟರು. ಸಂಜೆ ಅವರ ಮನೆಯ ಕಡೆ ಹೋದವರಿಗೆ “ಸಾಹೇಬಮ್ಮ, ಒದೀಬ್ಯಾಡ, ನೆಟ್ಟಗೆ ನಿಂತ್ಕ” ಎನ್ನುವುದು ಕೇಳಿಸುತ್ತಿತ್ತು. ಅವರು ಬೇಕೆಂದೇ ಇಟ್ಟರೋ, ಪ್ರೀತಿಯಿಂದ ಇಟ್ಟರೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮುಂದಿನ ವರ್ಷ ಯಸಳೂರಿನ ಬಸ್ಸಿನ ಕಂಡಕ್ಟರ್ ನನ್ನನ್ನು ಹುಡುಕಿಕೊಂಡು ಬಂದು, ಹಾನುಬಾಳಿನ ಬಸ್ಸಿನವನಿಂದ ಬಂದ ಸುದ್ದಿ ಮುಟ್ಟಿಸಿದ. “ದ್ಯಾವಮ್ಮೋರು ನೀವು ಬರ್ಬೇಕು ಅಂದ್ರಂತೆ. ನಿಮ್ ಹುಳ ಅವರತ್ರ ಐತಂತೆ.”

ಹೆದರುತ್ತಲೇ ಹೋದೆ. ಬೆಳಗಿನ ಹೊತ್ತು. ದ್ಯಾವಕ್ಕ ಗದ್ದೆಯಲ್ಲಿ ಬಾಳೆಯ ಬುಡಗಳ ನಡುವೆ ಕೂತಿದ್ದರು. ಗೊನೆ ಕಡಿದ ಮೇಲೆ ಉಳಿದ ದಿಂಡನ್ನು ಉದ್ದಕ್ಕೆ ಸೀಳಿ, ಕತ್ತರಿಸಿದ ಮುಖ ನೆಲಕ್ಕೆ ಮಾಡಿ ಅಲ್ಲಲ್ಲಿ ಇಟ್ಟಿದ್ದರು. ಒಂದನ್ನು ಮಗುಚಿ ತೋರಿಸಿದರು. ಅಡಿಯಲ್ಲಿ ಕರ್ರಗೆ ಮೂತಿ ಹುಳಗಳು ಮುತ್ತಿಕೊಂಡಿದ್ದವು.

“ಕಡಿದ್ ದಿಂಡನ್ನ ಅಲ್ಲೇ ಬುಟ್ಟಿದ್ದೆ. ಬೆಳಗ್ಗೆ ಸರ್ಸಕ್ ಹೋದ್ರೆ ಹಿಂಗೆ. ಹಸಿ ದಿಂಡಿನ ವಾಸ್ನೆಗೆ ಬತ್ತವೆ. ನೀನು ಹುಳನ ಹುಡಿಕ್ಕಂಡು ಸೂಜಿ ಚುಚ್ತಿದ್ದೆ. ಅವೇ ಬತ್ತವೆ ಕಣಪ್ಪ.”

ಒಂದೊಂದನ್ನೇ ಹೆಕ್ಕಿ ಸೋಪಿನ ನೀರಿನ ಡಬ್ಬಿಗೆ ಹಾಕುತ್ತಿದ್ದರು. ನಾನೂ ಕೂತು ಹೆಕ್ಕಿದೆ.

ಯಸಳೂರಿಗೆ ಬಂದು ಬೀರು ಕೆದಕಿದರೆ ಇದೇ ವಿಧಾನದ ಕರಪತ್ರದ ಕಟ್ಟು ಸಿಕ್ಕಿತು. ದೂಳು ಹಿಡಿದಿತ್ತು. ಯಾರೋ ಓದಿದವರು ಎಷ್ಟೋ ವರ್ಷ ಹಿಂದೆ ಬರೆದು, ಅಚ್ಚು ಹಾಕಿಸಿ, ಎಲ್ಲ ಕಡೆ ಹಂಚಲು ಕಳಿಸಿದ್ದರು. ನಾವು ಅದರ ಹಾಳೆಗಳನ್ನು ಔಷಧಿ ಡಬ್ಬಿ ಸುತ್ತಿ ಕೊಡಲು ಬಳಸುತ್ತಿದ್ದೆವು.

ಮುಂದೆ ನಾನು ಕೆಲಸದಲ್ಲಿ ಇರುವಷ್ಟು ದಿನವೂ ಅದನ್ನೇ ಮಾಡಿಸಿದೆ. ಒಣಗಿದ ಪಟ್ಟೆ ತೆಗೆಯಿರಿ, ಹಳೇ ಬುಡ ಕಿತ್ತು ಹಾಕಿ, ದಿಂಡು ಸೀಳಿಟ್ಟು ಬೆಳಗ್ಗೆ ಹುಳ ಹೆಕ್ಕಿ. ಇದರಿಂದ ಹುಳ ಪೂರ್ತಿ ಹೋಗುತ್ತದೆ ಎಂದು ಸುಳ್ಳು ಹೇಳಲಾರೆ. ಕಡಿಮೆಯಾಗುತ್ತದೆ. ಬೇಜಾರಿನ ಕೆಲಸ, ಸೊಂಟ ಹಿಡಿಯುತ್ತದೆ, ಘಾಟೂ ಇಲ್ಲ. ‘ಇದಕ್ಕೆ ಸೊಸೈಟಿಯವರು ಯಾಕ್ ಬೇಕು’ ಎಂದು ಎಷ್ಟೋ ಜನ ಬೈದು ಕಳಿಸಿದರು. ಔಷಧಿ ಬೇಕೇ ಬೇಕಾದ ಕಡೆ ಔಷಧಿಯನ್ನೂ ಕೊಟ್ಟೆ. ಅದನ್ನು ವಿಷ ಎಂದು ಹೆಸರು ಹಿಡಿದು ಕೊಟ್ಟೆ. ಸ್ಟೋರಿನವನಿಗೆ ಅದು ಇಷ್ಟವಾಗುತ್ತಿರಲಿಲ್ಲ.

ನಿವೃತ್ತನಾಗಿ ಎರಡು ವರ್ಷವಾಯಿತು. ಮೊನ್ನೆ ದ್ಯಾವಕ್ಕನ ಮನೆಗೆ ಹೋಗಿದ್ದೆ. ಈಗ ಅವರಿಗೆ ಕೋಲು ಬೇಕು, ತೋಟವನ್ನು ಮೈದುನನ ಮಗ ಮತ್ತು ಅವನ ಹೆಂಡತಿ ನೋಡಿಕೊಳ್ಳುತ್ತಾರೆ. ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ಒಬ್ಬ ಯುವಕ ಬಂದ. ಪಕ್ಕದ ಗದ್ದೆಯ ನೇಂದ್ರಕ್ಕೆ ಡ್ರೋನಿನಲ್ಲಿ ಔಷಧಿ ಹೊಡೆಯುತ್ತಿದ್ದೇವೆ, ನಿಮ್ಮ ಬೇಲಿಯ ಮೇಲೆ ಹಾದುಹೋಗುತ್ತದೆ, ಒಂದು ಮಾತು ತಿಳಿಸಿ ಹೋಗೋಣ ಅಂತ ಬಂದೆ ಎಂದ. ತಿಳಿಸಲು ಬಂದದ್ದೇ ನನಗೆ ದೊಡ್ಡದಾಗಿ ಕಂಡಿತು. ದ್ಯಾವಕ್ಕನಿಗೆ ಹಾಗೆ ಕಾಣಲಿಲ್ಲ.

“ಬೇಲಿ ಕಡೆ ಎಲೆ ಎಷ್ಟು ದಿನ ಕುಯ್ಬಾರ್ದು? ಹುಲ್ಲು ಎಷ್ಟು ದಿನ ದನಕ್ ಹಾಕ್ಬಾರ್ದು?”

ಅವನು ಫೋನು ತೆಗೆದು ಹುಡುಕಿದ. ಸಿಗ್ನಲ್ ಇರಲಿಲ್ಲ. ಅಂಗಳದ ಮೂಲೆಗೆ ಹೋಗಿ ಯಾರಿಗೋ ಫೋನು ಮಾಡಿದ, ಅವರು ಇನ್ಯಾರಿಗೋ ಮಾಡಲು ಹೇಳಿದರು. ದ್ಯಾವಕ್ಕ ಅವನಿಗೂ ಒಂದು ಲೋಟ ಕಾಫಿ ಕೊಡಿಸಿ, “ನಿಧಾನಕ್ ಕೇಳಪ್ಪ. ಅಲ್ಲೀಗಂಟ ಆ ಮಿಷನ್ನು ಕೆಳಗೇ ಇರ್ಲಿ” ಎಂದರು. ಕೊನೆಗೆ ಉತ್ತರ ಸಿಕ್ಕಿತು. ಬಂದು ಹೇಳಿದ.

“ನಂಗೆ ಹೇಳಿದ್ರೆ ಸಾಲ್ದು. ಹುಲ್ಲು ಕುಯ್ಯೋನು ಕೊಟ್ಟಿಗೇಲವ್ನೆ, ಅವನಿಗೆ ಹೇಳು. ಅಡುಗೆ ಮಾಡೋಳು ಒಳಗವ್ಳೆ, ಅವಳಿಗ್ ಹೇಳು” ಎಂದರು ದ್ಯಾವಕ್ಕ.

ಅವನು ನನ್ನ ಮುಖ ನೋಡಿದ. ನಾನು ಲೋಟದೊಳಗೆ ನೋಡಿದೆ. ಪಾಪ, ಒಳ್ಳೆಯ ಹುಡುಗ. ಮೊದಲು ಕೊಟ್ಟಿಗೆಗೆ ಹೋಗಿ ಸಗಣಿ ತುಳಿದು ಹೇಳಿ ಬಂದ. ಆಮೇಲೆ ಕಾಲು ಒರೆಸಿಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತು, ಎಲೆ ಕೊಯ್ಯಬಾರದ ದಿನಗಳನ್ನು ಹೇಳತೊಡಗಿದ. ಒಳಗಿನಿಂದ ಸೊಸೆ ಕೂಗಿದಳು.

“ಎಷ್ಟು ದಿನ ಅಂದ್ರಿ? ಜೋರಾಗ್ ಹೇಳಿ ಅಣ್ಣ, ಮಿಕ್ಸಿ ಓಡ್ತೈತೆ!”

ಅವನು ಬಾಗಿಲ ಚೌಕಟ್ಟು ಹಿಡಿದು, ಪಕ್ಕದ ತೋಟದವರಿಗೂ ಕೇಳುವ ಹಾಗೆ, ಇನ್ನೊಂದು ಸಲ ಹೇಳಿದ.